ಫ್ರಾನ್ಸಿನ ತಳಿ, ಫ್ರಾನ್ಸಿನ ಪೀಪಾಯಿ: ಕಟೇನಾ ಝಪಾಟಾ ವೈನಿನಲ್ಲಿ ಆಂಡಿಸ್ ಬೆಟ್ಟದ ಪಾಲೇನು?

ಅರ್ಜೆಂಟೀನಾದ ಮೆಂಡೋಜಾದ ಈ ವೈನರಿಯವರು ಎತ್ತರದ ತೋಟ ಎಂದು ಹೇಳಿಕೊಳ್ಳುವುದು ಬರೀ ಮಾರಾಟದ ಮಾತೇ? ಅಲ್ಲ. ಆದರೆ ಕೆಲಸ ಮಾಡುವುದು ಎತ್ತರದ ಅಂಕಿಯಲ್ಲ, ಅಲ್ಲಿನ ತಣ್ಣನೆಯ ರಾತ್ರಿ.

ಇಲ್ಲಿನ ಕೆಂಪು ವೈನಿನ ದ್ರಾಕ್ಷಿ ಮಾಲ್ಬೆಕ್ ಮೂಲತಃ ನೈರುತ್ಯ ಫ್ರಾನ್ಸಿನ ತಳಿ. ಅದನ್ನು 1853ರಲ್ಲಿ ಅರ್ಜೆಂಟೀನಾಕ್ಕೆ ತಂದವರು ಮಿಶೆಲ್ ಪೂಜೆ ಎಂಬ ಫ್ರೆಂಚ್ ಕೃಷಿತಜ್ಞ. ಇಟಲಿಯಿಂದ 1898ರಲ್ಲಿ ವಲಸೆ ಬಂದ, ಈ ವೈನರಿಯ ಸ್ಥಾಪಕ ನಿಕೋಲಾ ಕಟೇನಾ 1902ರಲ್ಲಿ ಮೊದಲ ತೋಟ ಹಾಕಿದರು. ಮೊಮ್ಮಗ ನಿಕೋಲಸ್ 1992ರಲ್ಲಿ ಮೆಂಡೋಜಾದ ಗ್ವಾಲ್ಟಯಾರಿಯಲ್ಲಿ, ಸುಮಾರು 1,450 ಮೀಟರ್ ಎತ್ತರದಲ್ಲಿ, ಏಡ್ರಿಯಾನಾ ತೋಟ ನೆಟ್ಟರು. ಅಷ್ಟು ಚಳಿಯಲ್ಲಿ ಹಣ್ಣಾಗುವುದೇ ಇಲ್ಲ ಎಂಬ ಮಾತು ಆಗ ಇತ್ತು.

ಲೆಕ್ಕ ಹೀಗೆ. 100 ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ತಂಪು. ಮೆಂಡೋಜಾದ್ದೇ ಆದ ಕೆಳಗಿನ ಅಗ್ರೆಲೋ ಪ್ರದೇಶ ಸುಮಾರು 950 ಮೀಟರಿನಲ್ಲಿದೆ, ಅಂದರೆ ಏಡ್ರಿಯಾನಾ ಮೂರು ಡಿಗ್ರಿ ತಂಪು. ಹಗಲು ಬಿಸಿಲಿದ್ದು ರಾತ್ರಿ ತಣ್ಣಗಾದರೆ ಹಣ್ಣಿನ ಹುಳಿ ಬೇಗ ಕರಗಿಹೋಗುವುದಿಲ್ಲ. ಎತ್ತರದಲ್ಲಿ ಅತಿನೇರಳೆ ಕಿರಣ ಹೆಚ್ಚು. ಅದನ್ನು ತಡೆಯಲು ಸಿಪ್ಪೆ ದಪ್ಪಗಾಗುತ್ತದೆ, ಬಣ್ಣ ಗಾಢವಾಗುತ್ತದೆ. ಮೆಂಡೋಜಾದಲ್ಲಿ ಮಳೆ ವರ್ಷಕ್ಕೆ 200-250 ಮಿ.ಮೀ. ಆಸುಪಾಸು, ಉಳಿದದ್ದೆಲ್ಲ ಆಂಡಿಸ್ ಹಿಮ ಕರಗಿದ ನೀರು. ಹಾಗಾಗಿ ನೀರಿನ ಹಿಡಿತ ಬೆಳೆಗಾರನ ಕೈಯಲ್ಲೇ ಇದೆ. ಕಾಯಿ ಕಟ್ಟಿದ ಮೇಲೆ ಬಣ್ಣ ತಿರುಗುವವರೆಗೆ ನೀರು ಬಿಗಿ ಹಿಡಿದರೆ ಕಾಯಿ ಸಣ್ಣದಾಗಿ, ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚುತ್ತದೆ. ಅತಿಯಾಗಿ ಬಿಗಿದರೆ ಎಲೆ ಹಳದಿಯಾಗಿ ಮಾಗುವುದೇ ನಿಂತುಹೋಗುತ್ತದೆ.

ಕಾಟವೂ ಬೆಟ್ಟದ್ದೇ. ಚಿಗುರಿನ ಹೊತ್ತಿಗೆ ಹಿಮ, ಬೇಸಿಗೆಯಲ್ಲಿ ಆಲಿಕಲ್ಲು (ಅದಕ್ಕೇ ಸಾಲುಗಳ ಮೇಲೆ ಬಲೆ), ಹೂ ಬಿಡುವಾಗ ಝೋಂಡಾ ಎಂಬ ಒಣ ಬಿಸಿಗಾಳಿ ಬೀಸಿದರೆ ಹೂ ಉದುರಿ ಗೊಂಚಲು ಹಲ್ಲು ಬಿದ್ದ ಬಾಯಿಯಂತಾಗುತ್ತದೆ.

ಯುರೋಪಿನ ಪದ್ಧತಿ ಬರುವುದು ಇಲ್ಲಿಂದಾಚೆ, ಅದೂ ಕೊಯ್ಲಿನ ದಿನ ಸರಿಯಿದ್ದರೆ ಮಾತ್ರ. ಸಕ್ಕರೆ 24 ಬ್ರಿಕ್ಸ್ (ರಸದ ಸಕ್ಕರೆ ಅಳೆಯುವ ಮಾನ) ಇದ್ದಾಗ ಕೊಯ್ದರೆ ಆಲ್ಕೋಹಾಲ್ ಸುಮಾರು 14% ಬರುತ್ತದೆ. 27ಕ್ಕೆ ಬಿಟ್ಟರೆ 15% ದಾಟಿ ಗಂಟಲು ಸುಡುತ್ತದೆ, ಹುದುಗುವಿಕೆ ನಡುವೆ ನಿಂತುಬಿಡುವ ಅಪಾಯವೂ ಇದೆ. ಕೆಂಪು ವೈನಿಗೆ ಸಾಮಾನ್ಯ ಕ್ರಮವೆಂದರೆ ತೊಟ್ಟು ತೆಗೆದು 8-10 ಡಿಗ್ರಿಯಲ್ಲಿ ಮೂರ್ನಾಲ್ಕು ದಿನ ನೆನೆಸಿಟ್ಟು, ಆಮೇಲೆ 25-28 ಡಿಗ್ರಿಯಲ್ಲಿ ಹುದುಗಿಸುವುದು. ಮೇಲೆ ತೇಲುವ ಸಿಪ್ಪೆಯನ್ನು ಮೊದಲ ದಿನಗಳಲ್ಲಿ ಜೋರಾಗಿ ಒತ್ತಬಹುದು. ಆಲ್ಕೋಹಾಲ್ ಏರಿದ ಮೇಲೆ ಬೀಜದ ಒಗರು ಕರಗಿ ಇಳಿಯುವುದರಿಂದ ಮೆಲ್ಲಗೆ. ಎತ್ತರದ ದಪ್ಪ ಸಿಪ್ಪೆಗೆ ಈ ಎಚ್ಚರ ಇನ್ನೂ ಮುಖ್ಯ. ನಂತರ ಒಂದು, ಒಂದೂವರೆ ವರ್ಷ 225 ಲೀಟರಿನ ಓಕ್ ಪೀಪಾಯಿ. ಎಲ್ಲವೂ ಹೊಸ ಪೀಪಾಯಿಯಾದರೆ ವೆನಿಲಾ ವಾಸನೆಯಲ್ಲಿ ಬೆಟ್ಟ ಮುಚ್ಚಿಹೋಗುತ್ತದೆ. ಇದು ನನ್ನ ದೊಡ್ಡ ತಕರಾರು.

ನಂದಿ ಬೆಟ್ಟದ ತಪ್ಪಲೂ ಸುಮಾರು 900 ಮೀಟರ್ ತಾನೇ ಎನ್ನಬಹುದು. ಆದರೆ ಮೆಂಡೋಜಾ 33ನೇ ಅಕ್ಷಾಂಶದಲ್ಲಿದೆ, ನಂದಿ 13ರಲ್ಲಿ. ಅಲ್ಲಿ ಚಳಿಗಾಲಕ್ಕೆ ಬಳ್ಳಿ ನಿದ್ದೆಹೋಗುತ್ತದೆ. ಇಲ್ಲಿ ಆ ನಿದ್ದೆಯಿಲ್ಲ. ಆದ್ದರಿಂದಲೇ ವಿಜಯಪುರದ ಕಡೆ ಚಾಟ್ನಿ ಎನ್ನುವ ಕತ್ತರಿ ಕೆಲಸ ವರ್ಷಕ್ಕೆ ಎರಡು ಬಾರಿ, ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ.

ವ್ಯತ್ಯಾಸ ನೀವೇ ನೋಡಬೇಕೆಂದರೆ ಒಂದೇ ವರ್ಷದ ಎರಡು ಮಾಲ್ಬೆಕ್ ತನ್ನಿ, ಒಂದು ತಗ್ಗಿನ ತೋಟದ್ದು, ಒಂದು ಎತ್ತರದ್ದು. ಬೆಂಗಳೂರಿನ ಕೋಣೆಯ ಬಿಸಿಗೆ ಕುಡಿಯಬೇಡಿ, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು 16-18 ಡಿಗ್ರಿಗೆ ತನ್ನಿ. ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಯಾವುದಕ್ಕೆ ಹೆಚ್ಚು ನೀರೂರುತ್ತದೆ ಗಮನಿಸಿ. ಹುಳಿ ಉಳಿದಿರುವುದರಿಂದ ಎತ್ತರದ್ದಕ್ಕೇ ಇರಬೇಕು.