ಜೀವಕೋಶದೊಳಗೆ ವೈರ್ ಎಲ್ಲಿದೆ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಬ್ಯಾಕ್ಟೀರಿಯಾದೊಳಗೆ ‘ಜೆನೆಟಿಕ್ ಸರ್ಕ್ಯೂಟ್’ ಕೂರಿಸುತ್ತಾರೆ ಎಂದು ಕೇಳಿದೆ. ಅಲ್ಲಿ ವೈರ್ ಯಾವುದು, ಸ್ವಿಚ್ ಯಾವುದು? ನಮ್ಮ ಬ್ರೆಡ್‌ಬೋರ್ಡ್ (ಬಿಡಿಭಾಗ ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ) ಥರ ಜೋಡಿಸಿದ ಕೂಡಲೇ ಕೆಲಸ ಮಾಡುತ್ತದೆಯೇ?
– ಓದುಗರು, ಹಾಸನ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ: ಸಾಮಾನ್ಯವಾಗಿ ಇಲ್ಲ. ಯಾಕೆಂದರೆ ಅಲ್ಲಿ ವೈರೇ ಇಲ್ಲ. ಜೆನೆಟಿಕ್ ಸರ್ಕ್ಯೂಟ್ ಎಂದರೆ ಒಂದು ಇನ್ನೊಂದನ್ನು ಹತೋಟಿಯಲ್ಲಿಡುವಂತೆ ಜೋಡಿಸಿದ ಜೀನ್‌ಗಳು, ಅಷ್ಟೆ.

ಬೋರ್ಡಿನಲ್ಲಿ ಸಿಗ್ನಲ್ ಹೋಗಲು ತಾಮ್ರದ ದಾರಿ ಇರುತ್ತದೆ. ಕೋಶದಲ್ಲಿ ಎಲ್ಲವೂ ಒಂದೇ ಪಾತ್ರೆಯ ಸಾರಿನಲ್ಲಿ ತೇಲುತ್ತಿರುತ್ತವೆ. ಸಂತೆಯ ಗದ್ದಲದಲ್ಲಿ ‘ಏ ಮಂಜಾ’ ಎಂದು ಕೂಗಿದರೆ ಮಂಜ ಮಾತ್ರ ತಿರುಗಿ ನೋಡುತ್ತಾನೆ, ಅಲ್ವಾ? ಇಲ್ಲಿ ಆ ಹೆಸರೇ ವೈರ್. ಒಂದು ಜೀನ್‌ನಿಂದ ತಯಾರಾದ ಪ್ರೋಟೀನ್ ಕೋಶವೆಲ್ಲ ಅಲೆದು, ತನಗೆ ಒಪ್ಪುವ ಡಿಎನ್‌ಎ ತುಣುಕು ಸಿಕ್ಕಲ್ಲಿ ಕಚ್ಚಿಕೊಂಡು, ಅಲ್ಲಿನ ಜೀನ್ ಅನ್ನು ಆನ್ ಅಥವಾ ಆಫ್ ಮಾಡುತ್ತದೆ. ಸಂತೆಯಲ್ಲಿ ಇಬ್ಬರು ಮಂಜ ಇದ್ದರೆ ಫಜೀತಿ. ನೀವು ಒಂದೇ ನಮೂನೆಯ ಹತ್ತು ಟ್ರಾನ್ಸಿಸ್ಟರ್ ಹಾಕಬಹುದು. ನಾವು ಪ್ರತಿ ಗೇಟಿಗೂ (ಸಿಗ್ನಲ್ ನೋಡಿ ಆನ್-ಆಫ್ ಆಗುವ ಘಟಕಕ್ಕೂ) ಬೇರೆ ಪ್ರೋಟೀನ್ ಹುಡುಕಬೇಕು.

ಇನ್ನು ಸ್ವಿಚ್. 2000ದ ಜನವರಿಯಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಗಾರ್ಡ್ನರ್, ಕ್ಯಾಂಟರ್, ಕಾಲಿನ್ಸ್ ಎಂಬ ಮೂವರು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ ‘ಟಾಗಲ್ ಸ್ವಿಚ್’ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಮ್ಮ ಭಾಷೆಯಲ್ಲಿ ಫ್ಲಿಪ್‌ಫ್ಲಾಪ್, ಅಂದರೆ ಎರಡು ಸ್ಥಿತಿಗಳಲ್ಲಿ ಯಾವುದಕ್ಕೆ ತಿರುಗಿಸಿದರೆ ಅದರಲ್ಲೇ ನಿಲ್ಲುವ ಸರ್ಕ್ಯೂಟ್. ಎರಡು ಜೀನ್, ಒಂದು ಇನ್ನೊಂದರ ಬಾಯಿ ಮುಚ್ಚಿಸುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಥೇಟ್ ಹಾಗೆ. ಮೊದಲು ಲ್ಯಾಕ್-ಐ ಎಂಬ ಪ್ರೋಟೀನ್‌ನದೇ ದರ್ಬಾರು ಎಂದುಕೊಳ್ಳಿ. ಐಪಿಟಿಜಿ ಎಂಬ ರಾಸಾಯನಿಕ ಹಾಕಿದರೆ ಅದರ ಹಿಡಿತ ಸಡಿಲವಾಗುತ್ತದೆ. ಎದುರಾಳಿ ಜೀನ್ ಏಳುತ್ತದೆ, ಜೊತೆಗೆ ಕಟ್ಟಿಟ್ಟ ಹಸಿರು ಪ್ರೋಟೀನ್ ಹೊಳೆಯತೊಡಗುತ್ತದೆ. ಆಮೇಲೆ ಐಪಿಟಿಜಿಯನ್ನು ತೊಳೆದು ತೆಗೆದರೂ ಹಸಿರು ಹೋಗುವುದಿಲ್ಲ! ಅಷ್ಟರಲ್ಲಿ ಎದುರಾಳಿ ಲ್ಯಾಕ್-ಐ ಜೀನ್‌ನ ಬಾಯಿ ಮುಚ್ಚಿಸಿ ಆಗಿರುತ್ತದೆ. ಕೋಶ ಒಂದು ಬಿಟ್ (ಆನ್ ಅಥವಾ ಆಫ್ ಎಂಬಷ್ಟು ಮಾಹಿತಿ) ನೆನಪಿಟ್ಟುಕೊಂಡ ಹಾಗಾಯಿತು. ವಾಪಸ್ ತಿರುಗಿಸಲು ಒಂದು ವಿನ್ಯಾಸದಲ್ಲಿ 42 ಡಿಗ್ರಿ ಬಿಸಿ ಸಾಕು, ಆ ಎದುರಾಳಿಗೆ ಬಿಸಿ ತಡೆಯದು. ಆದರೆ ಇಬ್ಬರ ಬಲ ಸರಿಸುಮಾರು ಸಮ ಇರಬೇಕು. ಒಬ್ಬರದು ಜಾಸ್ತಿಯಾದರೆ ಅದು ಸ್ವಿಚ್ಚೇ ಅಲ್ಲ, ಅವರದೇ ಪಾರುಪತ್ಯ.

ಅದೇ ‘ನೇಚರ್’ ಸಂಚಿಕೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಲೋವಿಟ್ಜ್ ಮತ್ತು ಲೈಬ್ಲರ್ ಮೂರು ಜೀನ್‌ಗಳನ್ನು ಸುತ್ತಲೂ ಜೋಡಿಸಿದ್ದರು. ಮೊದಲನೆಯದು ಎರಡನೆಯದನ್ನು, ಅದು ಮೂರನೆಯದನ್ನು, ಅದು ಮತ್ತೆ ಮೊದಲನೆಯದನ್ನು ತಡೆಯುತ್ತದೆ. ಮೂರು ನಾಟ್ ಗೇಟ್ (ಸಿಗ್ನಲ್ ಅನ್ನು ತಿರುವುಮುರುವು ಮಾಡುವ ಗೇಟ್) ಸುತ್ತಿದ, ತಾನೇ ಆನ್-ಆಫ್ ಆಗುತ್ತಲೇ ಇರುವ ರಿಂಗ್ ಆಸಿಲೇಟರ್ ನೀವು ಮಾಡಿರಬೇಕಲ್ಲ, ಅದೇ. ಕೋಶಗಳು ಮಿನುಗಿದವು. ಒಂದು ಸುತ್ತಿಗೆ ಸುಮಾರು 150 ನಿಮಿಷ. ಅಷ್ಟರಲ್ಲಿ ಕೋಶವೇ ಒಡೆದು ಎರಡಾಗಿರುತ್ತದೆ, ಮಿನುಗು ಮಾತ್ರ ಮಕ್ಕಳಲ್ಲೂ ಮುಂದುವರಿಯುತ್ತದೆ. ಆದರೆ ಹೀಗೆ ಮಿನುಗಿದ್ದು ಸುಮಾರು 40% ಕೋಶಗಳು ಮಾತ್ರ. ಡಿಎನ್‌ಎ ಒಂದೇ ಆದರೂ ಒಂದೊಂದರ ತಾಳ ಒಂದೊಂದು ಥರ. ಅಷ್ಟು ಸಣ್ಣ ಕೋಶದಲ್ಲಿ ಕೆಲವು ಅಣುಗಳಿರುವುದೇ ಬೆರಳೆಣಿಕೆಯಷ್ಟು. ಯಾವುದು ಯಾವಾಗ ಎಲ್ಲಿ ಕಚ್ಚುತ್ತದೆ ಎಂಬುದು ಅದೃಷ್ಟದ ಆಟ.

ಎರಡನೇ ತಲೆನೋವು ಪವರ್ ಸಪ್ಲೈ. ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಮನೆಯ ಬಲ್ಬ್ ಮಂಕಾಗುತ್ತದಲ್ಲ, ಹಾಗೆ. ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳು ಲೆಕ್ಕದವು. ನಮ್ಮ ಸರ್ಕ್ಯೂಟ್ ಅವನ್ನು ಎಳೆದುಕೊಂಡರೆ ಕೋಶದ ಸ್ವಂತ ಕೆಲಸ ನಿಧಾನವಾಗುತ್ತದೆ. ಹಾಗಿರುವಾಗ ಯಾವುದೋ ಒಂದು ಕೋಶದಲ್ಲಿ ಆಕಸ್ಮಿಕವಾಗಿ ಸರ್ಕ್ಯೂಟ್ ಕೆಟ್ಟರೆ, ಅದಕ್ಕೆ ಭಾರ ಇಳಿದಂತೆ. ಬೇಗ ಬೆಳೆದು ಉಳಿದವನ್ನು ಮೀರಿಸುತ್ತದೆ. ನಾನು ಓದುವಾಗ ಸೋಮವಾರ ಹಚ್ಚ ಹಸಿರಾಗಿದ್ದ ಫ್ಲಾಸ್ಕ್, ಬ್ಯಾಕ್ಟೀರಿಯಾವನ್ನು ದಿನಾ ಹೊಸ ಪೋಷಕ ದ್ರವಕ್ಕೆ ದಾಟಿಸುತ್ತಾ ಹೋದಂತೆ ಗುರುವಾರಕ್ಕೆ ಬರೀ ಮಸುಕು. ನಾನು ಐಪಿಟಿಜಿ ಹಳತಾಗಿದೆ ಎಂದು ಸುಮ್ನೆ ಎರಡು ದಿನ ಕಳೆದೆ. ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲಿಸಿ ನೋಡುವ ಪರೀಕ್ಷೆ) ಮಾಡಿ ನೋಡಿದರೆ ಜೀನ್‌ನ ಅರ್ಧ ಭಾಗವೇ ಮಾಯ! ನಿಮ್ಮ ಕೆಪಾಸಿಟರ್ ಉರಿದುಹೋಗಬಹುದು, ಆದರೆ ಬೋರ್ಡಿನಿಂದ ತಾನೇ ಎದ್ದು ಹೋಗುವುದಿಲ್ಲ.

ಪ್ರಶ್ನೆ: ಇದರಿಂದ ಜನರಿಗೆ ಏನು ಉಪಯೋಗ? ಮನೆಯಲ್ಲಿ ಪ್ರಯತ್ನಿಸಬಹುದೇ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಒಂದು ಉದಾಹರಣೆ ಸಾಕು. 2016ರಲ್ಲಿ ಇದೇ ಕಾಲಿನ್ಸ್ ಅವರ ತಂಡ ಝೀಕಾ ವೈರಸ್ ಪತ್ತೆಗೆ ಕಾಗದದ ಪರೀಕ್ಷೆ ಮಾಡಿತು. ಜೀವಂತ ಕೋಶವೇ ಇಲ್ಲ. ಅದರ ಪ್ರೋಟೀನ್ ತಯಾರಿಸುವ ಯಂತ್ರಾಂಗ ಮತ್ತು ಜೆನೆಟಿಕ್ ಸರ್ಕ್ಯೂಟ್ ಮಾತ್ರ ಕಾಗದದ ಮೇಲೆ ಒಣಗಿಸಿಟ್ಟಿದ್ದರು. ವೈರಸ್‌ನ ಆರ್‌ಎನ್‌ಎ ಇದ್ದರೆ ಹಳದಿ ಬಣ್ಣ ನೇರಳೆಗೆ ತಿರುಗುತ್ತದೆ. ನನಗೆ ಕೋಶದೊಳಗಿನ ಕಸರತ್ತಿಗಿಂತ ಇದೇ ಜಾಣತನ ಅನ್ನಿಸುತ್ತದೆ. ಕೋಶವೇ ಇಲ್ಲದ ಮೇಲೆ ಬೆಳೆದು ಕೈಕೊಡುವುದೂ ಇಲ್ಲ.

ಮನೆಯಲ್ಲಿ ಬೇಡ. ಜೀನ್ ಬದಲಿಸಿದ ಜೀವಿಗಳಿಗೆ ನಮ್ಮಲ್ಲಿ 1989ರ ನಿಯಮಗಳಿವೆ, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಡಿಗ್ರಿಗೆ ಬಂದಮೇಲೆ ವಿದ್ಯಾರ್ಥಿಗಳೇ ಇಂಥ ಜೆನೆಟಿಕ್ ಸರ್ಕ್ಯೂಟ್ ಕಟ್ಟುವ ‘ಐಜೆಮ್’ ಸ್ಪರ್ಧೆಯ ಬಗ್ಗೆ ವಿಚಾರಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳೂ ಅದರಲ್ಲಿ ಭಾಗವಹಿಸಿದ್ದಾರೆ. ಸದ್ಯಕ್ಕೆ ಕಾಗದ, ಪೆನ್ಸಿಲ್ ಹಿಡಿದು ಆ ಮೂರು ಜೀನ್‌ಗಳ ಸುತ್ತನ್ನು ಬರೆಯಿರಿ. ನಾಲ್ಕು ಜೀನ್ ಇಟ್ಟರೆ ಯಾಕೆ ಮಿನುಗದೆ ಒಂದೇ ಕಡೆ ನಿಂತುಬಿಡುತ್ತದೆ ಎಂದು ಯೋಚಿಸಿ. ಗೊತ್ತಾದರೆ ಬರೆದು ಕಳಿಸಿ.