ಟೆಕ್ಸಾಸ್‌ಗೆ ಬಂದು ನಾಲ್ಕು ತಿಂಗಳು: ಪಿಸ್ತೂಲು ಕೊಳ್ಳಬಹುದಾ?

ಸಕಲೇಶಪುರದ ತಮ್ಮನಿಗೆ ನಮಸ್ಕಾರ.

ನೀವು ಕೇಳಿದ್ದು ಇಷ್ಟು. ಎಚ್-1ಬಿ ವೀಸಾದಲ್ಲಿ ಆಸ್ಟಿನ್‌ಗೆ ಬಂದು ನಾಲ್ಕು ತಿಂಗಳಾಗಿದೆ. ಮುಂದಿನ ತಿಂಗಳು ಹೆಂಡತಿ, ನಾಲ್ಕು ವರ್ಷದ ಮಗಳು ಬರುತ್ತಾರೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಯಾರದೋ ಕಾರಿನ ಗಾಜು ಒಡೆದಿದ್ದಾರೆ. ಆಫೀಸಿನ ಗೆಳೆಯನ ಹತ್ತಿರ ಗ್ಲಾಕ್ 19 ಪಿಸ್ತೂಲು ಇದೆ. "ಇಲ್ಲಿ ಲೈಸೆನ್ಸೇ ಬೇಡ, ನೀನೂ ಒಂದು ತಗೋ" ಅನ್ನುತ್ತಾನೆ, ಶನಿವಾರ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೆ ಕರೆದಿದ್ದಾನೆ. ಊರಲ್ಲಿ ಅಪ್ಪನ ಜೋಡುನಳಿಗೆ ಕೋವಿ ಇರುವುದರಿಂದ ನಿಮಗೆ ಬಂದೂಕು ಹೊಸದಲ್ಲ. ಕೊಳ್ಳಬಹುದಾ, ಆ ಪಿಸ್ತೂಲು ಹೇಗಿದೆ, ನಿಮ್ಮ ಅನುಭವ ಹೇಳಿ ಅಣ್ಣಾ ಅಂದಿದ್ದೀರಿ.

ಮೊದಲು ಶನಿವಾರದ ಮಾತು. ಹೋಗಬೇಡಿ. ಹೋದರೂ ಕೈಯಲ್ಲಿ ಹಿಡಿಯಬೇಡಿ.

ನಿಮ್ಮ ಗೆಳೆಯ ಸುಳ್ಳು ಹೇಳಿಲ್ಲ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 21 ವರ್ಷ ದಾಟಿದವರು ಲೈಸೆನ್ಸ್ ಇಲ್ಲದೆ ಪಿಸ್ತೂಲು ಒಯ್ಯಬಹುದು. ಆದರೆ ಅದು ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದವರಿಗೆ ಮಾತ್ರ. ಎಚ್-1ಬಿ, ಎಲ್-1, ಎಫ್-1 ಇಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳಬಾರದು ಅಂತ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನೇ ಹೇಳುತ್ತದೆ. ರಾಜ್ಯದ ಕಾನೂನು ಅದನ್ನು ಬದಲಾಯಿಸಲಾರದು. ರೇಂಜ್‌ನಲ್ಲಿ ಹತ್ತು ನಿಮಿಷ ಬಾಡಿಗೆಗೆ ತೆಗೆದುಕೊಂಡರೂ ಅದು ಇಟ್ಟುಕೊಂಡ ಲೆಕ್ಕವೇ. ಶಿಕ್ಷೆ 15 ವರ್ಷದವರೆಗೂ ಆಗಬಹುದು. ಬಂದೂಕಿನ ಅಪರಾಧ ಗಡೀಪಾರಿಗೂ ಕಾರಣವಾಗುತ್ತದೆ. ಡಿಪೆಂಡೆಂಟ್ ವೀಸಾದಲ್ಲಿ ಬರುವ ನಿಮ್ಮ ಹೆಂಡತಿಗೂ ಇದೇ ನಿಯಮ.

ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಈ ನಿಷೇಧ ತಗಲುವುದಿಲ್ಲ. ಆ ದಾರಿ ಹಿಡಿದವರು ಇದ್ದಾರೆ. ನನ್ನ ಮಾತು ಕೇಳುವುದಾದರೆ, ಇಮಿಗ್ರೇಷನ್ ಲಾಯರನ್ನು ಕೇಳದೆ ಅದಕ್ಕೆ ಕೈ ಹಾಕಬೇಡಿ. ಲೈಸೆನ್ಸಿನ ಅವಧಿ ಮುಗಿದ ಮರುದಿನವೇ ನೀವು ಅಪರಾಧಿ ಆಗುತ್ತೀರಿ. ಇಷ್ಟು ಕಷ್ಟಪಟ್ಟು ಬಂದು, ಹೆಂಡತಿ ಮಗುವನ್ನು ಕರೆಸಿಕೊಳ್ಳುವ ಹೊತ್ತಿನಲ್ಲಿ ಇದು ಬೇಕಾ?

ನಾನು 2006ರಲ್ಲಿ ಬಂದವನು. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಬಂದೂಕಿನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. 2018ರಲ್ಲಿ ಗ್ಲಾಕ್ 19 ಕೊಂಡೆ, ಐದನೇ ತಲೆಮಾರಿನ ಮಾಡೆಲ್. ಅಂಗಡಿಯಲ್ಲಿ 4473 ಅನ್ನುವ ಫಾರ್ಮ್ ತುಂಬಿಸುತ್ತಾರೆ. ವೀಸಾದ ಪ್ರಶ್ನೆ ಅದರಲ್ಲೇ ಇದೆ, ಸುಳ್ಳು ಬರೆದರೆ ಅದೇ ಬೇರೆ ಅಪರಾಧ. ಎಫ್‌ಬಿಐ ದಾಖಲೆ ನೋಡಿ ಒಪ್ಪಿಗೆ ಕೊಟ್ಟಿತು. ಅರ್ಧ ಗಂಟೆಯಲ್ಲಿ ಡಬ್ಬಿ ನನ್ನ ಕೈಯಲ್ಲಿತ್ತು. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮಂಗ ಹೆದರಿಸುವ ಕೋವಿಗೆ ಲೈಸೆನ್ಸ್ ಮಾಡಿಸಲು ಅಪ್ಪ ಎಷ್ಟು ಸಲ ಅಲೆದಿದ್ದರು! ಎಲೆಕ್ಷನ್ ಬಂದರೆ ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಇಲ್ಲಿ ಡಬ್ಬಿ ಕಾರಿನಲ್ಲಿಟ್ಟುಕೊಂಡು ಮನೆಗೆ ಬಂದ ಮೇಲೆ ಯಾರೂ ಏನೂ ಕೇಳಲಿಲ್ಲ. ಪೂರ್ತಿ ಹೊಣೆ ನನ್ನ ಮೇಲೇ ಇದೆ ಅಂತ ಆ ರಾತ್ರಿ ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

ಪಿಸ್ತೂಲಿನ ವಿಷಯಕ್ಕೆ ಬರುತ್ತೇನೆ. ಗ್ಲಾಕ್ ಆಸ್ಟ್ರಿಯಾದ ಕಂಪನಿ. ಅದರ ಮೊದಲ ಪಿಸ್ತೂಲು ಗ್ಲಾಕ್ 17, 1982ರಲ್ಲಿ ಅಲ್ಲಿನ ಸೈನ್ಯ ತೆಗೆದುಕೊಂಡಿತು. ಅದಕ್ಕಿಂತ ಕೊಂಚ ಗಿಡ್ಡವಾದ 19 ಬಂದದ್ದು 1988ರಲ್ಲಿ. ಹಿಡಿ ಇರುವ ಕೆಳಭಾಗ ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್. ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಮತ್ತು ನಳಿಗೆ ಉಕ್ಕು. ಹಿಡಿಯೊಳಗೆ ಕೂರುವ ತೋಟೆಯ ಡಬ್ಬಿ, ಅಂದರೆ ಮ್ಯಾಗಜೀನ್‌ನಲ್ಲಿ 9 ಎಂಎಂನ 15 ತೋಟೆ ಹಿಡಿಯುತ್ತದೆ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಆದರೆ ಸ್ಲೈಡ್ ಹಿಂದೆ ಹೋಗಿ ಖಾಲಿ ತೋಟೆ ಎಸೆದು, ಮುಂದೆ ಬರುವಾಗ ಹೊಸದನ್ನು ತಾನೇ ಏರಿಸಿಕೊಳ್ಳುತ್ತದೆ.

ಯಂತ್ರವಾಗಿ ಇದು ಬಹಳ ನಂಬಿಕಸ್ಥ. ಈವರೆಗೆ ಸುಮಾರು 6000 ಗುಂಡು ಹೊಡೆದಿದ್ದೇನೆ. ಮೊದಲ ತಿಂಗಳಲ್ಲಿ ಎರಡು ಸಲ ಸಿಕ್ಕಿಕೊಂಡಿತ್ತು, ಖಾಲಿ ತೋಟೆ ಹೊರಗೆ ಬೀಳದೆ ಒಲೆಯ ಕೊಳವೆ ಹಾಗೆ ನೆಟ್ಟಗೆ ನಿಂತಿತ್ತು. ಪಿಸ್ತೂಲು ಕೆಟ್ಟಿದೆ ಅಂದುಕೊಂಡೆ. ಕಲಿಸುವ ಮೇಡಂ ನನ್ನ ಮಣಿಕಟ್ಟು ಅಲ್ಲಾಡಿಸಿ ತೋರಿಸಿದರು. ಕೈ ಸಡಿಲ ಬಿಟ್ಟರೆ ಇಡೀ ಪಿಸ್ತೂಲೇ ಹಿಂದಕ್ಕೆ ಜರುಗುತ್ತದೆ, ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ. ಹಿಡಿತ ಸರಿಯಾದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ಇನ್ನೊಂದು ಘಟನೆ ನೆನೆದರೆ ಈಗಲೂ ಮೈ ಬೆವರುತ್ತದೆ. 2020ರಲ್ಲಿ ತೋಟೆಗೆ ಬರ ಬಂದಿತ್ತು, ಬೆಲೆ ಸಿಕ್ಕಾಪಟ್ಟೆ ಏರಿತ್ತು. ಹಳೆಯ ತೋಟೆಗೆ ಮತ್ತೆ ಮದ್ದು ತುಂಬಿದ್ದನ್ನು ಒಬ್ಬರಿಂದ ಅಗ್ಗಕ್ಕೆ ಕೊಂಡೆ. ರೇಂಜ್‌ನಲ್ಲಿ ಒಂದು ಗುಂಡು ಮಳೆಗೆ ನೆನೆದ ಪಟಾಕಿಯಂತೆ ಟುಸ್ ಅಂದಿತು. ಸ್ಲೈಡ್ ಕೈಯಲ್ಲಿ ಎಳೆದು ಇನ್ನೊಂದು ಹೊಡೆಯಲು ಹೊರಟಿದ್ದೆ. ಪಕ್ಕದ ಲೇನಿನಲ್ಲಿದ್ದ ಹಿರಿಯರು ಕೂಗಿ ನಿಲ್ಲಿಸಿದರು. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ನಡುವೆಯೇ ಕೂತಿತ್ತು. ಅದರ ಹಿಂದೆ ಮತ್ತೊಂದು ಹೋಗಿದ್ದರೆ ನಳಿಗೆ ಸಿಡಿಯಬಹುದಿತ್ತು. ಅವತ್ತಿನಿಂದ ಕಾರ್ಖಾನೆಯ ಹೊಸ ತೋಟೆ ಬಿಟ್ಟು ಬೇರೆ ಮುಟ್ಟಿಲ್ಲ.

ಈಗ ನೀವು ಬರೆದ ಆ ಒಂದು ಸಾಲು, "ಬಂದೂಕು ನನಗೆ ಹೊಸದಲ್ಲ" ಅನ್ನುವುದು. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಅಪ್ಪನ ತೋಟೆ ಕೋವಿಯನ್ನು ನೀವು ಎಷ್ಟು ಸಲ ಮುರಿದು ನೋಡಿದ್ದೀರಿ. ಎರಡೂ ನಳಿಗೆ ಬಾಯಿ ತೆರೆದುಕೊಳ್ಳುತ್ತವೆ. ಖಾಲಿ ಇದ್ದರೆ ಅದರೊಳಗಿಂದ ಅಂಗಳದ ಬೆಳಕು ಕಾಣುತ್ತದೆ. ತೋಟೆ ಇದ್ದರೆ ಹಿತ್ತಾಳೆಯ ತಳ ಕಾಣುತ್ತದೆ. ಮುಚ್ಚುಮರೆ ಇಲ್ಲ. ಮುರಿದಿಟ್ಟ ಕೋವಿ ಹೊಡೆಯಲಾರದು ಅನ್ನುವುದು ದೂರದಲ್ಲಿ ನಿಂತವರಿಗೂ ಗೊತ್ತಾಗುತ್ತದೆ.

ಈ ಪಿಸ್ತೂಲು ಹಾಗೆ ತೋರಿಸಿಕೊಳ್ಳುವುದಿಲ್ಲ. ಮ್ಯಾಗಜೀನ್ ತೆಗೆದರೂ ನಳಿಗೆಯಲ್ಲಿ ಒಂದು ತೋಟೆ ಉಳಿದಿರಬಹುದು, ಟ್ರಿಗರ್ ಒತ್ತಿದರೆ ಅದು ಹಾರುತ್ತದೆ. ತೋಟೆ ಇದ್ದಾಗ ಪಕ್ಕದ ಎಕ್ಸ್‌ಟ್ರ್ಯಾಕ್ಟರ್, ಅಂದರೆ ಖಾಲಿ ತೋಟೆ ಎಳೆದು ತೆಗೆಯುವ ಕೊಕ್ಕೆ, ಕೂದಲೆಳೆಯಷ್ಟು ಉಬ್ಬಿರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ, ಅವಸರದ ಕಣ್ಣಿಗೆ ತಿಳಿಯುವುದಿಲ್ಲ. ಹೆಬ್ಬೆರಳಿನಿಂದ ಹಾಕುವ ಸೇಫ್ಟಿ ಗುಂಡಿಯೂ ಇದರಲ್ಲಿಲ್ಲ. ತಾವೇ ಕೆಲಸ ಮಾಡುವ ಮೂರು ಸೇಫ್ಟಿ ಇವೆ, ಕೈಜಾರಿ ಬಿದ್ದರೂ ಹಾರದಂತೆ ತಡೆಯಲು. ಆದರೆ ಬೆರಳು ಟ್ರಿಗರ್ ಒತ್ತಿತೋ, ಮೂರೂ ಒಂದರ ಹಿಂದೆ ಒಂದು ಬಿಡುತ್ತವೆ. ಅದಕ್ಕೆ ಬೇಕಾದ ಬಲ ಸುಮಾರು ಎರಡೂವರೆ ಕಿಲೋ. ಎರಡು ಬೆರಳು ಸೇರಿಸಿದರೆ ಮಗುವಿಗೂ ಅಷ್ಟು ಬಲ ಬರಬಹುದು.

ಇನ್ನೂ ಒಂದಿದೆ. ಸ್ವಚ್ಛ ಮಾಡಲು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಇದರ ರಚನೆಯೇ ಹಾಗೆ. ಕೊಂಡ ಎರಡನೇ ವರ್ಷ, ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಳೆ ಟವೆಲ್ ಹಾಸಿ ಕೂತಿದ್ದೆ. ಮ್ಯಾಗಜೀನ್ ತೆಗೆದೆ. ಖಾಲಿ ಆಯಿತು ಅಂತ ಮನಸ್ಸು ಹೇಳಿತು. ಬೆರಳು ಟ್ರಿಗರ್ ಕಡೆ ಹೋಗುತ್ತಿತ್ತು. ಆಗ ಮೇಡಂ ಹೇಳಿಕೊಟ್ಟದ್ದು ನೆನಪಾಗಿ ಒಮ್ಮೆ ಸ್ಲೈಡ್ ಎಳೆದೆ. ಒಂದು ತೋಟೆ ಹಾರಿ ಕಾರ್ಪೆಟ್ ಮೇಲೆ ಬಿತ್ತು. ಸದ್ದೇ ಆಗಲಿಲ್ಲ. ಗೋಡೆಯ ಆಚೆ ನನ್ನ ಮಗ ಓದುತ್ತಾ ಕೂತಿದ್ದ. ನಾನು ಆ ತೋಟೆ ಎತ್ತಿಕೊಳ್ಳಲು ಎಷ್ಟೋ ಹೊತ್ತು ಹಿಡಿಯಿತು. ಈಗ ಮೂರು ಸಲ ಸ್ಲೈಡ್ ಎಳೆಯುತ್ತೇನೆ, ಕಣ್ಣಲ್ಲಿ ನೋಡುತ್ತೇನೆ, ಕಿರುಬೆರಳು ಹಾಕಿ ಮುಟ್ಟಿ ನೋಡುತ್ತೇನೆ. ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆಯೇ ಬಿಚ್ಚುತ್ತೇನೆ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪಿಸ್ತೂಲಿಗೆ ನಾನು ಕೊಟ್ಟದ್ದು 550 ಡಾಲರ್ ಆಸುಪಾಸು. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ, ಕಿವಿಯ ರಕ್ಷಣೆ, ತರಗತಿ, ರೇಂಜ್ ಫೀಸು, ತೋಟೆ ಸೇರಿದರೆ ಒಂದೇ ವರ್ಷದಲ್ಲಿ ಅದರ ಎರಡರಷ್ಟು ಆಯಿತು.

ನಿಮ್ಮ ಮಗಳಿಗಾಗಿ ಒಂದು ಮಾತು, ಇದನ್ನು ಮರೆಯಬೇಡಿ. ನೀವು ಬಂದೂಕು ಕೊಳ್ಳದಿದ್ದರೂ ಇಲ್ಲಿ ಬಹಳ ಮನೆಗಳಲ್ಲಿ ಇರುತ್ತದೆ. ಅವಳು ಆಟಕ್ಕೆ ಬೇರೆ ಮನೆಗೆ ಹೋಗುವ ಮೊದಲು ಕೇಳಿ: "ಮನೆಯಲ್ಲಿ ಗನ್ ಇದೆಯಾ? ಬೀಗ ಹಾಕಿಟ್ಟಿದ್ದೀರಾ?" ಊರಿನಲ್ಲಾದರೆ ಹೀಗೆ ಕೇಳಲು ಸಂಕೋಚ ಆಗುತ್ತಿತ್ತು, ಅಲ್ವಾ? ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಮಗನ ಗೆಳೆಯನ ತಾಯಿ ನನ್ನನ್ನೂ ಕೇಳಿದ್ದರು. ಪೆಟ್ಟಿಗೆ ತೋರಿಸಿದೆ, ಅವರಿಗೆ ಸಮಾಧಾನ ಆಯಿತು. ಅಜಾಗರೂಕತೆಯಿಂದ ಇಟ್ಟ ತೋಟೆ ತುಂಬಿದ ಬಂದೂಕು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಕ್ಕರೆ ಟೆಕ್ಸಾಸ್‌ನಲ್ಲಿ ಅದು ಇಟ್ಟವರ ಅಪರಾಧವೂ ಹೌದು.

ಕಾರಿನ ಗಾಜಿನ ಭಯಕ್ಕೆ ಪಿಸ್ತೂಲು ಮದ್ದಲ್ಲ. ಕಾರಿನಲ್ಲಿ ಬ್ಯಾಗು, ಲ್ಯಾಪ್‌ಟಾಪ್ ಬಿಡಬೇಡಿ, ಅಷ್ಟು ಸಾಕು. ಭಾರತೀಯರ ಮನೆಯಲ್ಲಿ ಚಿನ್ನ ಇರುತ್ತದೆ ಅನ್ನುವುದು ಇಲ್ಲಿನ ಕಳ್ಳರಿಗೆ ಗೊತ್ತು. ಹೆಂಡತಿಯ ಒಡವೆ ಬ್ಯಾಂಕ್ ಲಾಕರ್‌ನಲ್ಲಿಡಿ. ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ ವಿಳಾಸ ಹೇಳುವುದನ್ನು ಅವರಿಗೆ ಹೇಳಿಕೊಡಿ. ಅಕ್ಕಪಕ್ಕದ ಎರಡು ಮನೆಯವರ ಪರಿಚಯ ಮಾಡಿಕೊಳ್ಳಿ. ರಾತ್ರಿ ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲಿಡಿ, ಕೇಳದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಕೈ ಹಾಕಬೇಡಿ.

ಹಾಗೆಯೇ ರೇಂಜ್‌ಗೆ ಹೋಗುವ ಗೆಳೆಯನ ಬ್ಯಾಗು ತೆಗೆದುಕೊಂಡು ಊರಿಗೆ ಹೋಗಬೇಡಿ. ಒಂದು ಸಲ ನಾವು ಬೆಂಗಳೂರಿಗೆ ಹೊರಟಾಗ ನನ್ನ ಬ್ಯಾಗಿನ ಪಕ್ಕದ ಜೇಬಿನಲ್ಲಿ ಒಂದು ತೋಟೆ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಏರ್‌ಪೋರ್ಟ್‌ನಲ್ಲಿ ಸಿಕ್ಕಿದ್ದರೆ ಆರ್ಮ್ಸ್ ಆಕ್ಟ್ ಕೇಸು. ಈಗ ರೇಂಜ್‌ಗೆ ಬೇರೆಯದೇ ಬ್ಯಾಗು, ಅದು ಬೇರೆಲ್ಲೂ ಹೋಗುವುದಿಲ್ಲ.

ಶನಿವಾರ ಗೆಳೆಯನಿಗೆ ನನ್ನ ವೀಸಾಕ್ಕೆ ಇದು ಆಗಿಬರುವುದಿಲ್ಲ ಅಂತ ನೇರವಾಗಿ ಹೇಳಿ, ಅವನಿಗೆ ಅರ್ಥವಾಗುತ್ತದೆ. ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ಅಕ್ಕಿ ರೊಟ್ಟಿ ಮಾಡಿಸುತ್ತೇನೆ. ಆಮೇಲೆ ಮಗಳಿಗೆ ಕಾರ್ ಸೀಟ್ ತರಲು ಒಟ್ಟಿಗೆ ಹೋಗೋಣ. ಇಲ್ಲಿ 8 ವರ್ಷದೊಳಗಿನ ಮಕ್ಕಳಿಗೆ ಅದು ಕಡ್ಡಾಯ, ಏರ್‌ಪೋರ್ಟಿನಿಂದ ಕರೆತರುವಾಗಲೇ ಬೇಕಾಗುತ್ತದೆ. ಅದನ್ನು ಗಟ್ಟಿಯಾಗಿ ಬಿಗಿಯುವುದು ಹೇಗೆ ಅಂತ ನಾನೇ ತೋರಿಸುತ್ತೇನೆ.