ಕಾಮಾಲೆ, ನೆಲನೆಲ್ಲಿ ಮತ್ತು ಭಾವನ ವಾಟ್ಸ್ಆ್ಯಪ್

ಪ್ರಶ್ನೆ: ಮೇಡಂ, ನಮ್ಮ ತಮ್ಮನಿಗೆ (28 ವರ್ಷ) ಕಾಮಾಲೆ ಆಗಿದೆ. ಪಕ್ಕದೂರಿನಲ್ಲಿ ಒಬ್ಬರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಮೂರು ದಿನ ಖಾಲಿ ಹೊಟ್ಟೆಗೆ ಕೊಡುತ್ತಾರೆ. ‘ಇದು ಮೆಟಬೊಲೋಮಿಕ್ಸ್‌ನಲ್ಲಿ ಪ್ರೂವ್ ಆಗಿದೆ’ ಅಂತ ಭಾವ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಾರೆ. ಏನದು? ನಂಬಿ ಕೊಡಿಸಬಹುದಾ?
– ಓದುಗರು, ಮಧುಗಿರಿ

ಉತ್ತರ: ಒಂಬತ್ತನೇ ಕ್ಲಾಸಿನಲ್ಲಿ ನನಗೂ ಕಾಮಾಲೆ ಆಗಿತ್ತು. ಕೊರಟಗೆರೆಯ ಅಜ್ಜಿ ಇದೇ ಸೊಪ್ಪು ಅರೆದು ಕುಡಿಸಿ, ಉಪ್ಪು-ಎಣ್ಣೆ ಮುಟ್ಟಿಸದೆ ಮಜ್ಜಿಗೆ ಅನ್ನದಲ್ಲಿ ಇಟ್ಟಿದ್ದರು. ಮೂರು ವಾರಕ್ಕೆ ಕಣ್ಣು ಬೆಳ್ಳಗಾಯಿತು. ನೀರಿನಿಂದ ಬರುವ ಹೆಪಟೈಟಿಸ್-ಎ ಆಗಿದ್ದರೆ ಔಷಧಿ ಇಲ್ಲದೆಯೂ ಬಹುತೇಕ ಕೆಲವು ವಾರಗಳಲ್ಲಿ ಇಳಿಯುತ್ತೆ ಅಂತ ಬಯೋಕೆಮಿಸ್ಟ್ರಿ ಓದಿದ ಮೇಲೆ ತಿಳಿಯಿತು. ಅಜ್ಜಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಆಸ್ಪತ್ರೆಯಲ್ಲಿ ಬಿಲಿರುಬಿನ್ (ಕಣ್ಣು ಹಳದಿ ಮಾಡುವ ಬಣ್ಣ), ಎಸ್‌ಜಿಪಿಟಿ (ಲಿವರ್‌ನ ಒಂದು ಕಿಣ್ವ) ಅಂತ ರಕ್ತದಲ್ಲಿ ನಾಲ್ಕಾರು ನೋಡುತ್ತಾರೆ. ಮೆಟಬೊಲೋಮಿಕ್ಸ್‌ನಲ್ಲಿ ರಕ್ತದಲ್ಲೋ ಮೂತ್ರದಲ್ಲೋ ಇರುವ ನೂರಾರು ಸಣ್ಣ ಅಣುಗಳನ್ನು ಒಟ್ಟಿಗೇ ಲೆಕ್ಕ ಹಾಕುತ್ತಾರೆ. ಅದಕ್ಕೆ ಬಳಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಅಂದರೆ ಅಣುಗಳ ವೇಬ್ರಿಡ್ಜ್ ಅಂದುಕೊಳ್ಳಿ. ಲಿವರ್ ಕೆಟ್ಟಾಗ ಪಿತ್ತಾಮ್ಲಗಳು ರಕ್ತದಲ್ಲಿ ಏರುತ್ತವೆ. ಸಿರೋಸಿಸ್‌ನಲ್ಲಿ (ಲಿವರ್ ಗಾಯಗಟ್ಟಿ ಗಡುಸಾಗುವ ರೋಗ) ಲ್ಯೂಸಿನ್, ವ್ಯಾಲಿನ್ ಅನ್ನುವ ಅಮೈನೋ ಆಮ್ಲಗಳು ಇಳಿದು ಟೈರೋಸಿನ್ ಅನ್ನುವ ಇನ್ನೊಂದು ಹೆಚ್ಚುತ್ತೆ. ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನುವ ವಿಷ ಕೊಟ್ಟು ಲಿವರ್ ಕೆಡಿಸಿ, ಗಿಡದ ಸಾರ ಕುಡಿಸಿ, ಈ ಲೆಕ್ಕ ಮತ್ತೆ ಹಳಿಗೆ ಬರುತ್ತಾ ಅಂತ ನೋಡುವ ಪ್ರಯೋಗಗಳು ಬೇಕಾದಷ್ಟಿವೆ. ಭಾವನವರು ಕಳಿಸಿದ್ದೂ ಅಂಥದ್ದೇ ಇರಬೇಕು. ಔಷಧಿ ಎಲ್ಲಿ ಕೈಯಾಡಿಸುತ್ತೆ ಅನ್ನುವ ಸುಳಿವು ಅದರಲ್ಲಿ ಸಿಗುತ್ತೆ. ರೋಗಿ ಎದ್ದು ಕೂರುತ್ತಾನಾ ಅನ್ನುವುದನ್ನು ರೋಗಿಗಳಲ್ಲೇ ನೋಡಬೇಕು.

ಹಾಗೆ ನೋಡಿದ್ದೂ ಉಂಟು. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್-ಬಿ ವೈರಸ್ ಹೊತ್ತ 37 ಜನರಿಗೆ ನೆಲನೆಲ್ಲಿ ಕೊಟ್ಟಾಗ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯಿತು. ದೊಡ್ಡ ಸುದ್ದಿಯಾಯಿತು. ಬೇರೆ ಕಡೆ ಮಾಡಿದಾಗ ಆ ಫಲ ಬರಲಿಲ್ಲ.

ನನಗೆ ಇನ್ನೂ ದೊಡ್ಡ ತಲೆನೋವು ಗಿಡದ್ದೇ. ಎಲೆಗಳ ಕೆಳಗೆ ಸಾಸಿವೆಯಂಥ ಕಾಯಿ ಸಾಲಾಗಿ ಕಂಡರೆ ನಾವು ನೆಲನೆಲ್ಲಿ ಅಂದುಬಿಡುತ್ತೇವೆ. ಆದರೆ ಬದುವಿನಲ್ಲಿ ಆ ಜಾತಿಯವು ಎಷ್ಟೋ! ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ 25 ಅಂಗಡಿಗಳಲ್ಲಿ ನೆಲನೆಲ್ಲಿ ಕೊಂಡು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು: ಸುಮಾರು ಮುಕ್ಕಾಲು ಪಾಲು ಫಿಲ್ಲಾಂತಸ್ ಅಮಾರಸ್ (ವಿಜ್ಞಾನಿಗಳು ನೆಲನೆಲ್ಲಿಗೆ ಇಟ್ಟ ಹೆಸರು), ಉಳಿದದ್ದು ಅದರ ಸೋದರ ಗಿಡಗಳು. ಅಮಾರಸ್‌ನಲ್ಲಿ ಫಿಲ್ಲಾಂತಿನ್ ಅನ್ನುವ ಅಂಶವಿದೆ. ಎಲ್ಲ ಸೋದರರಲ್ಲೂ ಅದು ಅಷ್ಟೇ ಇರಬೇಕೆಂದಿಲ್ಲ. ಆ ಮಾಸ್ ಸ್ಪೆಕ್ಟ್ರೋಮೀಟರ್‌ನ ನಿಜವಾದ ಉಪಯೋಗ ನನ್ನ ಪ್ರಕಾರ ಇಲ್ಲಿದೆ: ಲೋಟದಲ್ಲಿ ಏನಿದೆ ಅಂತ ಮೊದಲು ಹೇಳಲಿ.

ತಮ್ಮನಿಗೆ ಯಾವ ಕಾಮಾಲೆ ಅಂತ ಮೊದಲು ರಕ್ತ ಪರೀಕ್ಷೆ ಆಗಲಿ. ಮಲ ಸುಣ್ಣದ ಹಾಗೆ ಬೆಳ್ಳಗಿದ್ದು ಮೈ ತುರಿಸುತ್ತಿದ್ದರೆ ಪಿತ್ತನಾಳ ಕಟ್ಟಿರಬಹುದು, ಸ್ಕ್ಯಾನ್ ಬೇಕು. ಮಂಪರು ಹತ್ತಿದರೆ, ಮಾತು ತಡಬಡಿಸಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ. ಸೊಪ್ಪು ಆಗಲೇ ಕುಡಿಸಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಬೈದರೂ ಬೈಸಿಕೊಳ್ಳಿ. ಆ ಗಿಡದ ಒಂದು ಕೊಂಬೆ, ಕಾಯಿ ಸಮೇತ, ಪೇಪರಿನ ಮಡಿಕೆಯಲ್ಲಿಟ್ಟು ಜೊತೆಗೆ ಒಯ್ಯಿರಿ.